ಕಡಲಿನಿಂದ ಬಂದ ದಂಡು ಸೋತಾಗ: ಮಂಗಳೂರು, 1768 ಮತ್ತು 1783

ಐಹೊಳೆಯ ಮೇಗುತಿ ಬಸದಿಯ ಪೂರ್ವ ಗೋಡೆಯ ಶಾಸನವನ್ನು ಈ ಪುಟ ಓದುವವರಿಗೆ ಪರಿಚಯಿಸಬೇಕಾಗಿಲ್ಲ. ಶಕವರ್ಷ 556, ಅಂದರೆ ಕ್ರಿ.ಶ. 634-35. 19 ಸಾಲು, ಸಂಸ್ಕೃತ ಭಾಷೆ, ಹಳಗನ್ನಡ ಲಿಪಿ, ರಚಿಸಿದವನು ರವಿಕೀರ್ತಿ. ಹರ್ಷನ ಸೋಲಿನ ಪದ್ಯವನ್ನೂ ಕಾಳಿದಾಸ-ಭಾರವಿಯರ ಹೆಸರು ಬರುವ ಪದ್ಯವನ್ನೂ ಎಲ್ಲರೂ ಎತ್ತಿ ಆಡುತ್ತಾರೆ. ಅದೇ ಶಾಸನದಲ್ಲಿ ಎರಡು ಕಡಲ ದಾಳಿಗಳಿವೆ. ಅವುಗಳ ಕಡೆ ಗಮನ ಹೋಗೋದು ಕಡಿಮೆ.

ಒಂದು, ಮಂಗಳೇಶ ರೇವತೀದ್ವೀಪವನ್ನು ಹಿಡಿದದ್ದು. ಧ್ವಜಗಳ ಸಮೇತ ಅವನ ಸೈನ್ಯ ಕಡಲ ನೀರಿನಲ್ಲಿ ಪ್ರತಿಬಿಂಬಿಸಿ, ವರುಣನ ಪಡೆಯೇ ಎದ್ದು ಬಂದ ಹಾಗೆ ಕಂಡಿತು ಅನ್ನೋದು ಕವಿಯ ಕಲ್ಪನೆ. ಇನ್ನೊಂದು, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಕೊಂಕಣದ ಮೌರ್ಯರ ಪುರಿಯ ಮೇಲೆ ಹೋದದ್ದು. ಅಲ್ಲಿ ಹಡಗುಗಳು ಮದವೇರಿದ ಆನೆಗಳ ಸಾಲಿನಂತೆ ಕಾಣುತ್ತವೆ. ಎರಡರಲ್ಲೂ ಗೆದ್ದವರು ಚಾಲುಕ್ಯರೇ. ಪ್ರಶಸ್ತಿ ಬರೆಸಿದವರೂ ಅವರೇ.

ಪ್ರಶಸ್ತಿಯನ್ನು ಹಾಗೇ ನಂಬಬೇಕಾಗಿಲ್ಲ, ಪರೀಕ್ಷೆ ಮಾಡೋಕೆ ಬೇರೆ ದಾಖಲೆ ಇದೆ. ರೇವತೀದ್ವೀಪವನ್ನು ವೆಂಗುರ್ಲೆಯ ದಕ್ಷಿಣಕ್ಕಿರುವ ರೇಡಿ ಎಂದು ಗುರುತಿಸುತ್ತಾರೆ. ಶಕವರ್ಷ 532ರ ಗೋವಾ ತಾಮ್ರಶಾಸನದಲ್ಲಿ ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮ ಅನ್ನುವವನು ಅದೇ ರೇವತೀದ್ವೀಪದಲ್ಲಿ ಕೂತು ನಾಲ್ಕು ವಿಷಯ-ಮಂಡಲಗಳನ್ನು ಆಳುತ್ತಾ ಹಳ್ಳಿಯೊಂದನ್ನು ದಾನ ಕೊಡುತ್ತಾನೆ. ಮಂಗಳೇಶನ ದಾಳಿ ಗೆದ್ದಿತ್ತು ಅನ್ನೋದಕ್ಕೆ ನನಗೆ ಸಾಕ್ಷಿ ರವಿಕೀರ್ತಿಯ ಕಾವ್ಯವಲ್ಲ, ಈ ಒಣ ದಾನಪತ್ರ. ದಂಡು ದಡಕ್ಕೆ ಇಳಿಯುವುದು ಒಂದು ದಿನದ ಕೆಲಸ. ಇಳಿದ ಮೇಲೆ ಅಲ್ಲಿ ಅಧಿಕಾರಿ ಉಳಿದನೇ, ತೆರಿಗೆ ಎತ್ತಿದನೇ, ಭೂಮಿ ಕೊಟ್ಟನೇ, ಎಲ್ಲೆಕಲ್ಲು ನೆಡಿಸಿದನೇ ಅನ್ನೋದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಹೇಳೋದು ಶಾಸನ.

ಹಾಗಾದರೆ ಕಡಲಿನಿಂದ ಬಂದು ಸೋತವರ ಕಥೆ? ಪ್ರಶಸ್ತಿಯಲ್ಲಿ ಅದಕ್ಕೆ ಜಾಗವಿಲ್ಲ. ಸೋಲಿನ ಸುದ್ದಿ ನಮಗೆ ಸಿಗೋದು ವೀರಗಲ್ಲುಗಳಲ್ಲಿ, ಅದೂ ಅರ್ಧಂಬರ್ಧ. ನಮ್ಮ ಬೇಗೂರಿನ ಪ್ರಸಿದ್ಧ ಶಾಸನವನ್ನೇ ತೆಗೆದುಕೊಳ್ಳಿ. ಬೆಂಗಳೂರು ಕಾಳಗದಲ್ಲಿ ಸತ್ತವರ ಹೆಸರನ್ನು ಅದು ಹೇಳುತ್ತದೆ, ಕಾಳಗ ಗೆದ್ದವರು ಯಾರು ಅಂತ ಹೇಳೋದಿಲ್ಲ. ವೀರಗಲ್ಲಿಗೆ ಮುಖ್ಯ ಸಾವು, ಪ್ರಶಸ್ತಿಗೆ ಮುಖ್ಯ ಗೆಲುವು. ಸೋಲು ಮಾಡಿಹೋಗುವ ಬದಲಾವಣೆ ಎರಡಕ್ಕೂ ಸಿಕ್ಕದೆ ನುಣುಚಿಕೊಳ್ಳುತ್ತದೆ.

ಅಂಥ ಸೋಲಿನ ಪರಿಣಾಮವನ್ನು ತಿಂಗಳು ತಿಂಗಳಾಗಿ ಹಿಂಬಾಲಿಸಲು ಸಾಧ್ಯವಿರುವ ಪ್ರಸಂಗ ಕನ್ನಡನಾಡಿನಲ್ಲಿ ನನಗೆ ಗೊತ್ತಿರುವ ಮಟ್ಟಿಗೆ ಒಂದೇ. ಅದು ಮೈಸೂರಿನ ಮೇಲೆ ಕಂಪನಿ ಬೊಂಬಾಯಿಯಿಂದ ಹಡಗಿನಲ್ಲಿ ಕಳಿಸಿದ ದಂಡುಗಳದ್ದು. ಎರಡು ಸಲ ಬಂದವು, ಎರಡು ಸಲವೂ ಸೋತವು. ಸೋತ ರೀತಿಯಲ್ಲೇ ಎರಡು ಸಲವೂ ಯುದ್ಧದ ಫಲ ಬದಲಾಯಿತು ಅನ್ನೋದು ನನ್ನ ವಾದ. ಬದಲಾದದ್ದು ಮಾತ್ರ ನಾವು ಸಾಮಾನ್ಯವಾಗಿ ಹೇಳಿಕೊಳ್ಳುವ ದಿಕ್ಕಿನಲ್ಲಲ್ಲ.

ಮೊದಲ ಸಲದ್ದು ಬೇಗ ಮುಗಿಸುತ್ತೇನೆ. 1768ರ ಮೊದಲ ತಿಂಗಳುಗಳಲ್ಲಿ ಬೊಂಬಾಯಿಯ ದಂಡು ಮಂಗಳೂರಿಗೆ ಬಂತು. ಹೈದರಾಲಿಯ ನೌಕಾಪಡೆಯ ಮುಖ್ಯಸ್ಥನ ಸ್ಥಾನದಲ್ಲಿ ಕುದುರೆ ಸೈನ್ಯದಿಂದ ಬಂದವನೊಬ್ಬನನ್ನು ಕೂರಿಸಿದ್ದರಿಂದ ಹಡಗಿನವರು ಮುನಿಸಿಕೊಂಡಿದ್ದರು. ಹಡಗುಗಳ ಸಮೇತ ಅವರು ಇಂಗ್ಲಿಷರ ಕಡೆ ಸೇರಿಕೊಂಡರು. ಮಂಗಳೂರು, ಹೊನ್ನಾವರ ಎರಡೂ ಬಿದ್ದವು. ಮೇ ತಿಂಗಳಲ್ಲಿ ಹೈದರ್ ಮತ್ತು ಟಿಪ್ಪು ಘಟ್ಟ ಇಳಿದು ಬಂದಾಗ ದಂಡು ತನ್ನ ರೋಗಿಗಳನ್ನೂ ಗಾಯಾಳುಗಳನ್ನೂ ತೋಪುಗಳನ್ನೂ ದಡದಲ್ಲೇ ಬಿಟ್ಟು ಹಡಗು ಹತ್ತಿತು. ಕರಿಮರದಲ್ಲಿ ಬಂದೂಕಿನ ಆಕಾರ ಮಾಡಿ ಸಾವಿರಾರು ರೈತರ ಹೆಗಲಿಗೇರಿಸಿ ಹೈದರ್ ಹೆದರಿಸಿದ ಅನ್ನುವ ಕಥೆಯೂ ಇದೆ. ಕಥೆಯಾಗಿ ಚೆನ್ನಾಗಿದೆ, ಅಷ್ಟೇ.

ಆದರೆ ಹೈದರ್ ಕರಾವಳಿಯಲ್ಲಿದ್ದ ಆ ತಿಂಗಳುಗಳಲ್ಲಿ ಪೂರ್ವದಲ್ಲಿ ಏನಾಯ್ತು ನೋಡಿ. ಮದರಾಸಿನ ಸೈನ್ಯಕ್ಕೆ ಎದುರು ನಿಲ್ಲುವವರೇ ಇರಲಿಲ್ಲ. ಕೃಷ್ಣಗಿರಿ, ಮುಳಬಾಗಿಲು, ಕೋಲಾರ, ಹೊಸೂರು ಒಂದರ ಹಿಂದೆ ಒಂದು ಹೋದವು. ಆರ್ಕಾಟಿನ ನವಾಬ ಮಹಮ್ಮದ್ ಅಲಿ ಕೋಲಾರದಲ್ಲಿ ಬಿಡಾರ ಹೂಡಿದ. ಮುಂದಿನ ಗುರಿ ಬೆಂಗಳೂರು ಕೋಟೆ. ನಾನಿದನ್ನು ಬರೆಯುತ್ತಿರುವ ತಿಲಕ್ ನಗರದಿಂದ ಬನ್ನೇರುಘಟ್ಟ ರಸ್ತೆಗೆ ಬಂದು ಡೈರಿ ಸರ್ಕಲ್ ಕಡೆ ಹೋದರೆ ಹೊಸೂರು ರಸ್ತೆ ಸಿಗುತ್ತೆ. ಅದೇ ದಿಕ್ಕಿನಲ್ಲಿ ಸುಮಾರು 40 ಕಿಲೋಮೀಟರ್ ದೂರದಲ್ಲಿ 1768ರ ಬೇಸಗೆ ಕಳೆಯುವ ಹೊತ್ತಿಗೆ ಶತ್ರು ಕೂತಿದ್ದ. ಮಂಗಳೂರಿಗೆ ಬಂದ ಒಂದು ದಂಡಿನ ಬೆಲೆಯನ್ನು ಕಟ್ಟಿದ್ದು ಕೋಲಾರ-ಹೊಸೂರು ಸೀಮೆ. ಹೈದರ್ ತಿರುಗಿ ಬಂದ ಮೇಲೆ ಯುದ್ಧ ಅವನ ಕಡೆ ವಾಲಿತು. 1769ರಲ್ಲಿ ಮದರಾಸಿನ ಹೊಸ್ತಿಲಲ್ಲಿ ನಿಂತು ಒಪ್ಪಂದ ಬರೆಸಿಕೊಂಡ. ಆದರೆ ಒಪ್ಪಂದದ ಸಾರ ಇಷ್ಟೇ: ನಮ್ಮದು ನಮಗೆ, ನಿಮ್ಮದು ನಿಮಗೆ.

ಇದೇ ಆಟ ಇನ್ನೂ ದೊಡ್ಡ ಪಣವಿಟ್ಟು 1783ರಲ್ಲಿ ಮತ್ತೆ ನಡೆಯಿತು.

1780ರ ಜುಲೈನಲ್ಲಿ ಹೈದರ್ ಕರ್ನಾಟಿಕಕ್ಕೆ (ಅಂದರೆ ಆರ್ಕಾಟು ಸೀಮೆಗೆ, ಈ ಹೆಸರಿನ ಗೊಂದಲ ನಮಗೆ ಇಂಗ್ಲಿಷರು ಕೊಟ್ಟ ಬಳುವಳಿ) ಇಳಿದ. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬೇಲಿಯ ಪಡೆ ನಿರ್ನಾಮವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಇಂದಿಗೂ ಕಾಣುವ ಚಿತ್ರ ಅದರದ್ದೇ. ಮುಂದಿನ ಎರಡು ವರ್ಷ ಗೆಲುವು-ಸೋಲು ಎರಡೂ ಕಡೆ ಆದವು, ಆದರೆ ಆರ್ಕಾಟು ಸೀಮೆಯ ದೊಡ್ಡ ಭಾಗ ಮೈಸೂರಿನ ಹಿಡಿತದಲ್ಲೇ ಇತ್ತು. ಇತ್ತ ಪಶ್ಚಿಮದಲ್ಲಿ ಎರಡು ಸಂಗತಿ ನಡೆದವು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿಗೆ ಬಂದು ಹೈದರನ ಹಡಗುಗಳನ್ನು ಸುಟ್ಟುಹಾಕಿದ. ಹಾಗಾಗಿ ಕಡಲಿನ ಬಾಗಿಲು ತೆರೆದೇ ಇತ್ತು. 1782ರಲ್ಲಿ ಸಾಲ್ಬಾಯಿ ಒಪ್ಪಂದವಾಗಿ ಮರಾಠರ ಜೊತೆ ಬೊಂಬಾಯಿಯ ಜಗಳ ಮುಗಿದದ್ದರಿಂದ ಅಲ್ಲಿನ ಸೈನ್ಯಕ್ಕೆ ಕೈ ಬಿಡುವಾಯಿತು.

1782ರ ಕೊನೆಗೆ ಟಿಪ್ಪು ಮಲಬಾರಿನ ಪೊನ್ನಾನಿಯಲ್ಲಿ ಹಂಬರ್‌ಸ್ಟನ್, ಮ್ಯಾಕ್ಲಿಯಾಡ್ ಎಂಬ ಕರ್ನಲ್‌ಗಳ ಪಡೆಯನ್ನು ಮುತ್ತಿದ್ದ. ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಪೊನ್ನಾನಿಯನ್ನು ಬಿಟ್ಟು ಪೂರ್ವಕ್ಕೆ ಓಡಬೇಕಾಯಿತು. ಅಧಿಕಾರ ಕೈಗೆ ಬರಬೇಕಾದದ್ದು ಅಲ್ಲಿ, ಸೈನ್ಯದ ನಡುವೆ. ಕರಾವಳಿ ಬರಿದಾಯಿತು. ಆ ಸಂದಿನಲ್ಲೇ ಬ್ರಿಗೇಡಿಯರ್ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಅಘನಾಶಿನಿಯ ಅಳಿವೆಯ ಹತ್ತಿರ ರಾಜಮಂದುರ್ಗದಲ್ಲಿ ದಂಡು ಇಳಿಸಿದ. 1783ರ ಜನವರಿ ಮೊದಲ ವಾರ ಹೊನ್ನಾವರದ ಕೋಟೆ ಬಿತ್ತು. ಆಮೇಲೆ ಕುಂದಾಪುರ, ಹೊಸಂಗಡಿ ಘಾಟಿ. ಜನವರಿ ಮುಗಿಯುವುದರೊಳಗೆ ಬಿದನೂರು.

ಬಿದನೂರು ಅಂದರೆ ಈಗಿನ ಹೊಸನಗರ ತಾಲೂಕಿನ ನಗರ. ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರ್ ಇದನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಅವನ ಸಂಪತ್ತಿನ ಬುಡ ಇಲ್ಲಿಯದೇ. ಮೆಣಸು, ಅಡಕೆ, ಅಕ್ಕಿ ಘಟ್ಟ ಇಳಿದು ಹೊನ್ನಾವರ, ಕುಂದಾಪುರಗಳಲ್ಲಿ ಹಡಗು ಹತ್ತುತ್ತಿದ್ದ ದಾರಿಯ ನೆತ್ತಿಯಲ್ಲಿ ಈ ಊರಿದೆ. ಇದನ್ನು ಹಿಡಿದವನು ಮೈಸೂರಿನ ಹೊಟ್ಟೆಗೇ ಕೈ ಹಾಕಿದಂತೆ. ಬೊಂಬಾಯಿ ಸರ್ಕಾರ ಲೆಕ್ಕ ಹಾಕಿದ್ದೂ ಹಾಗೇ. ಹೈದರ್ ಸತ್ತ ಸುದ್ದಿ ತಲುಪಿದ ಕೂಡಲೇ ಬೇರೆ ಯೋಚನೆ ಬಿಟ್ಟು ಬಿದನೂರಿಗೆ ನಡೆ ಎಂದು ಮ್ಯಾಥ್ಯೂಸನಿಗೆ ಖಡಕ್ ಆದೇಶ ಕಳಿಸಿತು. ಕರಾವಳಿಯನ್ನು ಮೊದಲು ಭದ್ರ ಮಾಡಿಕೊಂಡು ಆಮೇಲೆ ಘಟ್ಟ ಹತ್ತುವ ಮನಸ್ಸು ಅವನದ್ದಾಗಿತ್ತು. ಅವನ ಮೇಲೆ ಹೊರಿಸಬೇಕಾದ ತಪ್ಪು ಬೇಕಾದಷ್ಟಿದೆ, ಆದರೆ ಈ ಒಂದು ವಿಷಯದಲ್ಲಿ ಅವನ ಲೆಕ್ಕ ಸರಿಯಾಗಿತ್ತು ಅಂತಲೇ ನನಗನ್ನಿಸುತ್ತೆ.

ಬಿದನೂರು ಹೆಚ್ಚು ಕಾದಾಟವಿಲ್ಲದೆ ಕೈಗೆ ಬಂತು. 1768ರಲ್ಲಿ ನೌಕಾಪಡೆ ಮಾಡಿದ್ದನ್ನು ಈ ಸಲ ಬಿದನೂರಿನ ಅಧಿಕಾರಿ ಅಯಾಜ್ ಮಾಡಿದ. ಹುಟ್ಟಿನಿಂದ ಚಿರಕ್ಕಲ್‌ನ ನಾಯರ್ ಹುಡುಗ. ಹೈದರನಿಗೆ ಸೆರೆಸಿಕ್ಕಿ, ಅವನ ಪ್ರೀತಿಗೆ ಪಾತ್ರನಾಗಿ ಮೇಲೆ ಬಂದವನು. ಟಿಪ್ಪುವಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ವಿಲ್ಕ್ಸ್ ಹೇಳುವ ಪ್ರಕಾರ ಅಯಾಜನಿಗೆ ಓದು ಬರಹ ಬಾರದು. ಹೈದರ್ ಸತ್ತ ಮೇಲೆ ಹೆದರಿ, ಬಂದ ಕಾಗದವನ್ನೆಲ್ಲ ತನ್ನ ಮುಂದೆ ಓದಿಸುತ್ತಿದ್ದ. ಒಂದು ದಿನ ಅವನನ್ನೇ ಮುಗಿಸಬೇಕೆಂಬ ಆಜ್ಞೆ ಅವನ ಕಿವಿಗೇ ಬಿತ್ತು. ಓದಿದ ಬ್ರಾಹ್ಮಣನನ್ನು ಗುಟ್ಟು ಹೊರಬೀಳದಂತೆ ಅಲ್ಲೇ ಕೊಲ್ಲಿಸಿ, ಕೋಟೆಯನ್ನು ಇಂಗ್ಲಿಷರಿಗೆ ಒಪ್ಪಿಸಿದನಂತೆ. ವಿಲ್ಕ್ಸ್‌ನ ಕಥೆ ಅಕ್ಷರಶಃ ನಿಜವೋ ಅಲ್ಲವೋ, ಒಂದು ರಾಜ್ಯದ ಯಜಮಾನಿಕೆ ಕೈ ಬದಲಾಗುವ ತಿಂಗಳಲ್ಲಿ ಕಾಗದ ಓದುವವನ ಕೆಲಸ ಎಷ್ಟು ಅಪಾಯದ್ದು ಅನ್ನೋದನ್ನು ಚೆನ್ನಾಗಿ ತೋರಿಸುತ್ತೆ.

ಮಾರ್ಚ್ 9ಕ್ಕೆ ಮಂಗಳೂರೂ ಶರಣಾಯಿತು. ಮೂರು ತಿಂಗಳೊಳಗೆ ಕರಾವಳಿಯೂ ಮಲೆನಾಡಿನ ತಲೆಬಾಗಿಲೂ ಕಂಪನಿಯ ಕೈಯಲ್ಲಿ. ಇಲ್ಲಿಗೆ ನಿಲ್ಲಿಸಿದರೆ ಪ್ರಶಸ್ತಿ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಡ.

ಈಗ ನಮ್ಮ ದಾನಪತ್ರದ ಪರೀಕ್ಷೆ. ಬಿದನೂರಿನಲ್ಲಿ ಕಂಪನಿ ಇದ್ದದ್ದು ಮೂರೇ ತಿಂಗಳು. ಆಡಳಿತಕ್ಕೆ ಅಯಾಜನನ್ನೇ ಇಟ್ಟುಕೊಂಡರು, ಅಂದರೆ ಹೊಸ ಯಜಮಾನನಿಗೆ ಊರಿನಲ್ಲಿ ಸ್ವಂತದ ಬೇರಿಲ್ಲ. ಖಜಾನೆ ಸಿಕ್ಕಿತು, ಸಿಕ್ಕ ಕೂಡಲೇ ಅದು ಯಾರದು ಅನ್ನೋ ಜಗಳ ಹತ್ತಿಕೊಂಡಿತು. ಅದು ಅಯಾಜನ ಸ್ವಂತದ್ದು ಅಂತ ಮ್ಯಾಥ್ಯೂಸ್ ಹೇಳಿದರೆ ಲೂಟಿಯಲ್ಲಿ ಪಾಲು ಎಲ್ಲಿ ಅಂತ ಅಧಿಕಾರಿಗಳು. ಹಂಬರ್‌ಸ್ಟನ್, ಮ್ಯಾಕ್ಲಿಯಾಡ್, ಮೇಜರ್ ಷಾ ಮೂವರೂ ದಂಡು ಬಿಟ್ಟು ದೂರು ಹೇಳಲು ಬೊಂಬಾಯಿಗೆ ಹೋದರು. ಬೊಂಬಾಯಿ ಮ್ಯಾಥ್ಯೂಸನನ್ನು ಕೆಲಸದಿಂದ ತೆಗೆಯಿತು. ಮೂವರೂ ಹಡಗಿನಲ್ಲಿ ತಿರುಗಿ ಬರುವಾಗ ಏಪ್ರಿಲ್‌ನಲ್ಲಿ ವಿಜಯದುರ್ಗದ ಸಮುದ್ರದಲ್ಲಿ ಮರಾಠರ ಹಡಗುಗಳ ಕೈಗೆ ಸಿಕ್ಕರು. ಷಾ ಸತ್ತ, ಹಂಬರ್‌ಸ್ಟನ್ ಗಾಯದಿಂದ ಸತ್ತ. ಆನಂದಪುರದ ಕೋಟೆಯನ್ನು ಹಿಡಿದಾಗ ನಡೆದ ಕೊಲೆಗಳ ಬಗ್ಗೆ ಇಂಗ್ಲಿಷರಲ್ಲೇ ಆಮೇಲೆ ವಾದ-ಪ್ರತಿವಾದ ನಡೆಯಿತು. ಅಂಥ ದಂಡಿಗೆ ಊರವರು ಅಕ್ಕಿ ತಂದು ಕೊಡುವುದುಂಟೆ? ಸೈನ್ಯವನ್ನು ಘಟ್ಟದ ಮೇಲೆ, ಕೆಳಗೆ, ಸಣ್ಣ ಸಣ್ಣ ಕೋಟೆಗಳಲ್ಲಿ ಹಂಚಿಹಾಕಿದ್ದರಿಂದ ಎಲ್ಲಿಯೂ ಗಟ್ಟಿ ಇರಲಿಲ್ಲ.

ಏಪ್ರಿಲ್‌ನಲ್ಲಿ ಟಿಪ್ಪು ಬಂದ. ಮೊದಲು ಘಾಟಿಯ ದಾರಿಗಳನ್ನು ಕಟ್ಟಿದ, ಆಮೇಲೆ ಕೋಟೆಯನ್ನು ಮುತ್ತಿದ. ಮ್ಯಾಥ್ಯೂಸ್‌ಗೆ ಕೆಳಗಿನ ಹಡಗುಗಳ ಜೊತೆ ಸಂಬಂಧವೇ ಕಡಿದುಹೋಯಿತು. ಕಡಲಿನಿಂದ ಬಂದ ದಂಡಿನ ಬೆನ್ನು ಕಡಲಿಗೆ ತಾಗಿಕೊಂಡಿರಬೇಕು. ಇಲ್ಲಿ ನಡುವೆ ಇಡೀ ಪಶ್ಚಿಮಘಟ್ಟ. ಏಪ್ರಿಲ್ ಕೊನೆಯಲ್ಲಿ ಶರಣಾಗತಿಯ ಮಾತಾಯಿತು. ಸರ್ಕಾರದ ಖಜಾನೆ ಒಪ್ಪಿಸಿ ಸ್ವಂತ ಸಾಮಾನಿನೊಂದಿಗೆ ಹೋಗಬಹುದು ಅನ್ನೋದು ಷರತ್ತು. ಖಜಾನೆ ಬರಿದಾಗಿತ್ತು, ವರಹಗಳು ಸಿಪಾಯಿಗಳ ಗಂಟುಗಳಲ್ಲಿ ಸಿಕ್ಕವು. ಷರತ್ತು ಮುರಿದರು ಎಂದು ಟಿಪ್ಪು ಎಲ್ಲರನ್ನೂ ಸೆರೆಗೆ ಹಾಕಿದ. ಮ್ಯಾಥ್ಯೂಸ್ ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ; ವಿಷವಿಕ್ಕಿದರು ಅನ್ನೋದು ಇಂಗ್ಲಿಷರ ಆರೋಪ.

ಮೇ ತಿಂಗಳ ಮೂರನೇ ವಾರದಲ್ಲಿ ಟಿಪ್ಪು ಮಂಗಳೂರಿನ ಮುಂದೆ. ಒಳಗೆ ಕರ್ನಲ್ ಜಾನ್ ಕ್ಯಾಂಪ್ಬೆಲ್, ಸುಮಾರು 700 ಯೂರೋಪಿಯನ್ನರು, ಸುಮಾರು 2800 ಸಿಪಾಯಿಗಳು. ಇಲ್ಲಿ ಕಾಲದ ಲೆಕ್ಕ ಬಹಳ ಮುಖ್ಯ. ನಮ್ಮ ಕರಾವಳಿಯಲ್ಲಿ ಜೂನ್ ಬಂದರೆ ಕಡಲು ಮುಚ್ಚಿತು. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ತೆಂಗಿನಕಾಯಿ ಬಿಟ್ಟ ಮೇಲೆಯೇ ಮೊಗವೀರರು ದೋಣಿ ಇಳಿಸುತ್ತಿದ್ದುದು. ಹಾಯಿಹಡಗಿನ ಕಾಲದಲ್ಲಿ ಬೊಂಬಾಯಿಯ ದೊಡ್ಡ ಹಡಗುಗಳಿಗೂ ಇದೇ ನಿಯಮ. ಜನವರಿಯಲ್ಲಿ ಇಳಿದ ದಂಡಿಗೆ ಇರುವುದು ಐದು ತಿಂಗಳು. ಅಷ್ಟರಲ್ಲಿ ಒಳನಾಡಿನಲ್ಲಿ ಬೇರು ಬಿಡಬೇಕು, ಇಲ್ಲವೇ ಹೊರಡಬೇಕು. ಮ್ಯಾಥ್ಯೂಸನ ದಂಡು ಎರಡನ್ನೂ ಮಾಡಲಿಲ್ಲ. ಮಳೆಗಾಲದಲ್ಲಿ ಕ್ಯಾಂಪ್ಬೆಲ್‌ನ ಬೆನ್ನಿಗಿದ್ದ ಕಡಲು ಅವನಿಗೆ ಗೋಡೆಯಾಯಿತೇ ಹೊರತು ದಾರಿಯಾಗಲಿಲ್ಲ.

ಆದರೆ ಅದೇ ಮಳೆ ಟಿಪ್ಪುವಿನ ಸೈನ್ಯದ ಮೇಲೂ ಸುರಿಯಿತು. ಬಯಲುಸೀಮೆಯ ಕುದುರೆಗಳಿಗೆ, ಎತ್ತುಗಳಿಗೆ ಕರಾವಳಿಯ ಆಷಾಢ-ಶ್ರಾವಣ ಆಗಿಬರುವುದಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು, ಕೋಟೆ ಬೀಳಲಿಲ್ಲ. ಜುಲೈನಲ್ಲಿ ಯೂರೋಪಿನಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ರಾಜಿಯಾದ ಸುದ್ದಿ ಬಂತು. ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ತುಕಡಿ ಕೈ ಕಟ್ಟಿ ನಿಂತಿತು. ಆಗಸ್ಟ್ 2ರಂದು ಕದನವಿರಾಮ. ಆಮೇಲೂ ಮುತ್ತಿಗೆ ಬೇರೆ ರೂಪದಲ್ಲಿ ನಡೆದೇ ಇತ್ತು. ಒಳಗಿನವರು ಕುದುರೆ ಮಾಂಸಕ್ಕೆ ಇಳಿದರು. 1784ರ ಜನವರಿ 30ರಂದು ಕ್ಯಾಂಪ್ಬೆಲ್ ಕೋಟೆ ಬಿಟ್ಟ. ಎರಡು ತಿಂಗಳೂ ಬದುಕಲಿಲ್ಲ, ಮಾರ್ಚ್‌ನಲ್ಲಿ ಬೊಂಬಾಯಿಯಲ್ಲಿ ಸತ್ತ. ಹೊನ್ನಾವರದಲ್ಲಿ ಕ್ಯಾಪ್ಟನ್ ಟೊರಿಯಾನೊ ಮಾತ್ರ ಒಪ್ಪಂದ ಆಗುವವರೆಗೂ ಹಿಡಿದುಕೊಂಡಿದ್ದ. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದ. ಸ್ಯಾಡ್ಲಿಯರ್, ಸ್ಟಾಂಟನ್, ಹಡಲ್‌ಸ್ಟನ್ ಎಂಬ ಮೂವರು ಕಮಿಷನರುಗಳು ಮದರಾಸಿನಿಂದ ಅಷ್ಟು ದೂರ ಬಂದು ಟಿಪ್ಪುವಿನ ಬಿಡಾರದಲ್ಲಿ ಸಹಿ ಹಾಕಿದರು.

ಇದು ಕರಾವಳಿಯಿಂದ ಕಾಣುವ ಕಥೆ. ನಮ್ಮಲ್ಲಿ ಇದನ್ನು ಟಿಪ್ಪುವಿನ ಅಪ್ಪಟ ಗೆಲುವು ಅಂತ ಬರೆಯುತ್ತಾರೆ. ವಾರನ್ ಹೇಸ್ಟಿಂಗ್ಸ್‌ನಿಂದ ಹಿಡಿದು ಇಂಗ್ಲಿಷ್ ಬರಹಗಾರರು ಅವಮಾನ ಅಂತ ಬರೆದರು. ಇಬ್ಬರೂ ನಿಂತು ನೋಡುತ್ತಿರುವುದು ಒಂದೇ ದಡದಲ್ಲಿ. ಇನ್ನೊಂದು ದಡಕ್ಕೆ ಹೋಗೋಣ.

1783ರ ಮಾರ್ಚ್ ತಿಂಗಳು. ಮೈಸೂರು ಎರಡು ವರ್ಷದಿಂದ ಕಾಯುತ್ತಿದ್ದ ಫ್ರೆಂಚ್ ಸೇನಾಪತಿ ಬುಸ್ಸಿ ಕೊನೆಗೂ ಕಡಲೂರಿನ ಹತ್ತಿರ ಇಳಿದ. ಅದೇ ತಿಂಗಳು ಟಿಪ್ಪು ಬಿದನೂರಿಗಾಗಿ ಮುಖ್ಯ ಸೈನ್ಯದೊಂದಿಗೆ ಪಶ್ಚಿಮಕ್ಕೆ ಹೊರಟ. ಒಬ್ಬ ಬರುವುದು, ಇನ್ನೊಬ್ಬ ಹೋಗುವುದು. ಮದುವೆಗೆ ಗಂಡು ಬರುವ ಹೊತ್ತಿಗೆ ಹೆಣ್ಣಿನ ಮನೆಯವರು ಊರು ಬಿಟ್ಟ ಹಾಗೆ. ಬುಸ್ಸಿಗೆ ವಯಸ್ಸಾಗಿತ್ತು, ಕಾಯಿಲೆಯಿತ್ತು, ಇದ್ದ ಜನ ಕಡಿಮೆ. ಮೈಸೂರಿನ ಕುದುರೆ ಸೈನ್ಯವಿಲ್ಲದೆ ಅವನು ಕಡಲೂರಿನ ಸುತ್ತಮುತ್ತಲೇ ಉಳಿಯಬೇಕಾಯಿತು. ಜನರಲ್ ಸ್ಟುವರ್ಟ್ ಮದರಾಸಿನಿಂದ ಅವನ ಮೇಲೆ ಹೋಗುವ ಧೈರ್ಯ ಮಾಡಿದ್ದು ಎದುರಿಗೆ ಟಿಪ್ಪು ಇಲ್ಲದ ಕಾರಣಕ್ಕೇ. ಜೂನ್ 13ರಂದು ಕಡಲೂರಿನ ಕಾಳಗ, 20ರಂದು ಸಮುದ್ರದಲ್ಲಿ ಸುಫ್ರೆನ್ ಮತ್ತು ಹ್ಯೂಸ್‌ರ ಕಾಳಗ. ಆಮೇಲೆ ಯೂರೋಪಿನ ಸುದ್ದಿ ಬಂದು ಎಲ್ಲ ನಿಂತಿತು. ಅತ್ತ ದಕ್ಷಿಣದಲ್ಲಿ ಕರ್ನಲ್ ಫುಲ್ಲರ್ಟನ್ ದಿಂಡಿಗಲ್, ಧಾರಾಪುರಂ, ನವೆಂಬರಿನಲ್ಲಿ ಪಾಲ್ಘಾಟ್, ಆಮೇಲೆ ಕೊಯಮತ್ತೂರು ಹಿಡಿದ. ಶ್ರೀರಂಗಪಟ್ಟಣದ ದಾರಿ ಅವನ ಮುಂದೆ ತೆರೆದಿತ್ತು. ಕಮಿಷನರುಗಳ ಮಾತಿಗೆ ಹಿಡಿದದ್ದನ್ನು ಬಿಟ್ಟುಕೊಡಬೇಕಾಗಿ ಬಂದಾಗ ಅವನಿಗೆ ಹೊಟ್ಟೆಯುರಿದಿರಬೇಕು.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಮ್ಯಾಥ್ಯೂಸನ ದಂಡು ಹೋದದ್ದು ಬಿದನೂರು ಹಿಡಿದು ಉಳಿಸಿಕೊಳ್ಳಲು, ಅದರಲ್ಲಿ ಸೋತಿತು. ಆದರೆ ಸೋಲಲು ಅದು ಟಿಪ್ಪುವಿನಿಂದ ಹತ್ತು ತಿಂಗಳು ತೆಗೆದುಕೊಂಡಿತು. ಆ ಹತ್ತು ತಿಂಗಳು ಆರ್ಕಾಟು ಸೀಮೆಯಲ್ಲಿ ಕಂಪನಿಗೆ ಸಿಕ್ಕ ಉಸಿರು. ಸೋತ ದಂಡು ಪಶ್ಚಿಮದಲ್ಲಿ ಮೈಸೂರನ್ನು ಗೆಲ್ಲಿಸಿತು, ಪೂರ್ವದಲ್ಲಿ ಮದರಾಸನ್ನು ಉಳಿಸಿತು. ಒಪ್ಪಂದದಲ್ಲಿ ಎರಡೂ ಕಡೆಯವರು ಹಿಡಿದದ್ದನ್ನೆಲ್ಲ ವಾಪಸು ಕೊಟ್ಟರು ಅನ್ನೋದು ಈ ಎರಡು ತಕ್ಕಡಿಗಳು ಸಮ ತೂಗಿದ್ದರ ಗುರುತು. ಹೈದರ್ ನಾಲ್ಕು ವರ್ಷ ಹಿಂದೆ ಇಳಿದ ಸೀಮೆಯಲ್ಲಿ ಒಂದು ತಾಲೂಕೂ ಮೈಸೂರಿಗೆ ಉಳಿಯಲಿಲ್ಲ.

ದಂಡು ಬಾರದೇ ಇದ್ದಿದ್ದರೆ? ಇಂಥ ಪ್ರಶ್ನೆಗೆ ರೆಕ್ಕೆ ಕಟ್ಟಿ ಹಾರಿಸೋದು ಸುಲಭ. ಟಿಪ್ಪು-ಬುಸ್ಸಿ ಸೇರಿ ಮದರಾಸು ಹಿಡಿಯುತ್ತಿದ್ದರು, ಕಂಪನಿ ಗಂಟುಮೂಟೆ ಕಟ್ಟುತ್ತಿತ್ತು ಅಂತೆಲ್ಲ ಹೇಳುವವರಿದ್ದಾರೆ. ನಾನು ಅಷ್ಟು ದೂರ ಹೋಗೋದಿಲ್ಲ. ಯೂರೋಪಿನಲ್ಲಿ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಬಿದ್ದದ್ದು 1783ರ ಜನವರಿ 20ಕ್ಕೆ, ಅಂದರೆ ಮ್ಯಾಥ್ಯೂಸ್ ಇನ್ನೂ ಘಾಟಿ ಹತ್ತುತ್ತಿದ್ದಾಗಲೇ. ಸುದ್ದಿ ಇಲ್ಲಿಗೆ ಬರುವುದಷ್ಟೇ ಬಾಕಿ. ಟಿಪ್ಪು ಪೂರ್ವದಲ್ಲೇ ಇದ್ದಿದ್ದರೂ ಫ್ರೆಂಚರ ಜೊತೆ ಅವನಿಗೆ ಸಿಗುತ್ತಿದ್ದದ್ದು ಮಾರ್ಚ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳು. ಮದರಾಸಿನ ಕೋಟೆ ಹಿಡಿಯಲು ಅದು ಸಾಲದು. ಆದರೆ ಸ್ಟುವರ್ಟ್ ಕಡಲೂರಿಗೆ ಬರುತ್ತಿರಲಿಲ್ಲ, ಫುಲ್ಲರ್ಟನ್‌ಗೆ ಪಾಲ್ಘಾಟ್ ಸಿಗುತ್ತಿರಲಿಲ್ಲ. ಮಾತುಕತೆಗೆ ಕೂತಾಗ ಟಿಪ್ಪುವಿನ ಕೈಯಲ್ಲಿ ಆರ್ಕಾಟು ಸೀಮೆಯೇ ಇರುತ್ತಿತ್ತು. ಬಾರಾಮಹಲಿನ ಆಚೆ ಒಂದಿಷ್ಟು ಭೂಮಿ, ನಾಲ್ಕಾರು ಕೋಟೆ, ಯುದ್ಧದ ಖರ್ಚು ಇವನ್ನು ಅವನು ಕೇಳಬಹುದಿತ್ತು. ಇಷ್ಟನ್ನು ಮಾತ್ರ ದಾಖಲೆಗಳ ಆಧಾರದ ಮೇಲೆ ಹೇಳಬಹುದು.

ಕಡಲ ದಾಳಿಯನ್ನು ತಡೆದು ಗೆದ್ದವನಿಗೆ ಹಂಚಲು ಹೊಸ ಭೂಮಿ ಸಿಗುವುದಿಲ್ಲ ಅನ್ನೋದು ಬೇರೆ ಕಡೆಯೂ ಕಂಡಿದೆ. ಕುಬ್ಲಾಯ್ ಖಾನನ ಹಡಗುಗಳು 1274ರಲ್ಲಿ, 1281ರಲ್ಲಿ ಜಪಾನಿನಿಂದ ಸೋತು ಹೋದವು. ಕಾದಿದ ಸಮುರಾಯಿಗಳಿಗೆ ಉಂಬಳಿ ಕೊಡಲು ಗೆದ್ದ ನೆಲವೇ ಇರಲಿಲ್ಲ. ಆ ಅಸಮಾಧಾನ ಕಾಮಾಕುರ ಆಡಳಿತವನ್ನು ಒಳಗಿನಿಂದ ತಿಂದಿತು. ತಕೆಜಾಕಿ ಸುಎನಾಗ ಎಂಬ ಯೋಧ ತಾನು ಕಾದಿದ್ದನ್ನು ಚಿತ್ರದ ಸುರುಳಿಯಲ್ಲೇ ಬರೆಸಿಕೊಂಡ. ನಮ್ಮ ವೀರಗಲ್ಲಿನ ದೂರದ ನೆಂಟ ಅನ್ನಬಹುದು, ಸತ್ತವನ ಬದಲು ಬದುಕಿದವನು ಮಾಡಿಸಿಕೊಂಡದ್ದು.

ಮಂಗಳೂರಿನಲ್ಲಿ ಗೆಲುವಿನ ಖರ್ಚು ಬಿದ್ದದ್ದು ಊರಿನವರ ಮೇಲೆ. ಇಂಗ್ಲಿಷರಿಗೆ ಸಹಾಯ ಮಾಡಿದರು ಎಂಬ ಆರೋಪ ಹೊರಿಸಿ, ಒಪ್ಪಂದಕ್ಕೆ ಕೆಲವೇ ದಿನ ಮೊದಲು, 1784ರ ಫೆಬ್ರವರಿಯಲ್ಲಿ, ಟಿಪ್ಪು ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸಮುದಾಯದ ನೆನಪಿನಲ್ಲಿ ಅದು ವಿಭೂತಿ ಬುಧವಾರದ ದಿನ. ಎಷ್ಟು ಸಾವಿರ ಜನ ಅನ್ನೋದರಲ್ಲಿ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಹತ್ತಾರು ಸಾವಿರ ಅನ್ನುವುದರಲ್ಲಿ ಅನುಮಾನವಿಲ್ಲ. ಇಗರ್ಜಿಗಳನ್ನು ಕೆಡವಿದರು, ಜಮೀನು ಕೈ ಬದಲಾಯಿತು. ಬದುಕಿ ಉಳಿದವರು ತಿರುಗಿ ಬಂದದ್ದು 1799ರ ನಂತರ. ಐದಾರು ಜನ ಸೇನಾಧಿಕಾರಿಗಳು ಲೂಟಿಯ ಪಾಲಿಗಾಗಿ ಕಿತ್ತಾಡಿ ಕಳೆದುಕೊಂಡ ದಂಡಯಾತ್ರೆಯ ಸಾಲವನ್ನು ತೀರಿಸಿದವರು ಮಳೆಗಾಲದಲ್ಲಿ ಗದ್ದೆ ಮಾಡುತ್ತಿದ್ದ ಒಕ್ಕಲುಗಳು. ಒಪ್ಪಂದದಲ್ಲಿ ಸೆರೆಯಾಳುಗಳ ಬಿಡುಗಡೆಯ ಮಾತಿತ್ತು, ಆದರೆ ಇವರು ಹಾಗೆ ಬಿಡುಗಡೆಯಾಗಲಿಲ್ಲ.

ಈ ಯುದ್ಧ ಕಲ್ಲಿನಲ್ಲಿ ಬಿಟ್ಟ ಗುರುತು ಹುಡುಕುವವರು ಅಕ್ಷರಕ್ಕಿಂತ ಕಟ್ಟಡ ನೋಡಬೇಕು. ಹಿಡಿದವನಿಗೆಲ್ಲ ಅನುಕೂಲವಾಗುವ ಮಂಗಳೂರಿನ ಕೋಟೆಯನ್ನು ಟಿಪ್ಪು ಕೆಡವಿಸಿದ. 1784ರಲ್ಲೇ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ, ಕರಿಕಲ್ಲಿನ ಸುಲ್ತಾನ್ ಬತ್ತೇರಿ ಕಟ್ಟಿಸಿದ. ತಣ್ಣೀರುಬಾವಿಗೆ ದೋಣಿ ಹತ್ತುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಊರನ್ನು ಕಾಯುವ ಕೋಟೆ ಅದಲ್ಲ, ಅಳಿವೆಯೊಳಗೆ ಯುದ್ಧದ ಹಡಗು ನುಗ್ಗದಂತೆ ನೋಡುವ ಕಾವಲು. ಆಮೇಲೆ 1794ರಲ್ಲಿ ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಜಮಾಲಾಬಾದ್ ಕೋಟೆ, ಘಟ್ಟದ ಬುಡದಲ್ಲಿ. ಕಡಲಿನಿಂದ ಬಂದವನನ್ನು ದಡದಲ್ಲಿ ತಡೆಯಲಾಗದಿದ್ದರೂ ಘಟ್ಟ ಹತ್ತಲು ಬಿಡಬಾರದು ಅನ್ನುವ ಪಾಠವನ್ನು ಅವನು ಬಿದನೂರಿನಲ್ಲಿ ಕಲಿತಿದ್ದ.

ಕಂಪನಿಯೂ ಕಲಿತಿತ್ತು. 1790ರಲ್ಲಿ ಮತ್ತೆ ಯುದ್ಧ ಶುರುವಾದಾಗ ಬೊಂಬಾಯಿಯ ಸೈನ್ಯ ಈ ಸಲ ಜನರಲ್ ಅಬರ್‌ಕ್ರಾಂಬಿಯ ಕೆಳಗೆ ಹಡಗಿನಲ್ಲಿ ಬಂದು ಇಳಿದದ್ದು ಹೊನ್ನಾವರದಲ್ಲೂ ಅಲ್ಲ, ಮಂಗಳೂರಿನಲ್ಲೂ ಅಲ್ಲ, ಇನ್ನೂ ದಕ್ಷಿಣಕ್ಕೆ, ತಲಶ್ಶೇರಿ-ಕಣ್ಣೂರಿನ ಕಡೆ. ಅಲ್ಲಿಂದ ಘಟ್ಟ ಹತ್ತಿದರೆ ಕೊಡಗು. ಕೊಡಗಿನ ದೊಡ್ಡವೀರರಾಜೇಂದ್ರ 1788ರ ಕೊನೆಯಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ಟಿಪ್ಪುವಿನ ಕಾವಲುಪಡೆಗಳನ್ನು ಓಡಿಸುತ್ತಿದ್ದ. ಮ್ಯಾಥ್ಯೂಸನಿಗೆ ಸಿಕ್ಕದ್ದು ಹೆದರಿದ ಒಬ್ಬ ಅಧಿಕಾರಿ. ಅಬರ್‌ಕ್ರಾಂಬಿಗೆ ಸಿಕ್ಕವನು ಸ್ವಂತ ನೆಲ, ಸ್ವಂತ ಜನ, ಅಕ್ಕಿ, ಎತ್ತು ಇದ್ದ ಅರಸ. ದಂಡಿನ ಬೆನ್ನಿಗೆ ಕಡಲಿನ ಬದಲು ಒಂದು ನಾಡು ನಿಂತಿತು. 1792ರ ಫೆಬ್ರವರಿಯಲ್ಲಿ ಬೊಂಬಾಯಿ ಸೈನ್ಯ ಶ್ರೀರಂಗಪಟ್ಟಣದ ಮುಂದೆ ಕಾರ್ನ್‌ವಾಲಿಸನನ್ನು ಕೂಡಿಕೊಂಡಿತು, ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 1799ರಲ್ಲಿಯೂ ಅವರು ಬಂದದ್ದು ಅದೇ ದಾರಿಯಲ್ಲಿ.

ಆ ದಾರಿಯಲ್ಲಿ ಗುರುತು ಬೇಕಾದಷ್ಟಿದೆ. ಅಬರ್‌ಕ್ರಾಂಬಿಯನ್ನು ಕಂಡ ನೆನಪಿಗೆ ದೊಡ್ಡವೀರರಾಜೇಂದ್ರ 1792ರಲ್ಲಿ ಊರನ್ನೇ ಕಟ್ಟಿಸಿದ, ಅದೇ ವೀರರಾಜಪೇಟೆ. ಮಡಿಕೇರಿಯ ಗದ್ದಿಗೆಯ ಆವರಣದಲ್ಲಿ ಅರಸರ ಸಮಾಧಿಗಳ ಹತ್ತಿರವೇ ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಸತ್ತ ಬಿದ್ದಂಡ ಬೋಪು ಮಲಗಿದ್ದಾನೆ. ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಕೊಡಗಿನದ್ದು. ಅದನ್ನು ಓದುವಾಗ ಪಕ್ಕದಲ್ಲಿ ಕರಾವಳಿಯ ನಕ್ಷೆಯೊಂದನ್ನು ಬಿಡಿಸಿಟ್ಟುಕೊಳ್ಳಿ, ರಾಜಮಂದುರ್ಗದಿಂದ ಕಣ್ಣೂರಿನವರೆಗೂ.